ಮಾಧವರಂ ಹೊಲದಲ್ಲಿ ಹಸ್ತದಿಂದ ಕಾರ್ತಿಕದವರೆಗೆ

ಆದೋನಿಯಿಂದ ಉತ್ತರಕ್ಕೆ ಹೊರಟರೆ ಪೆದ್ದತುಂಬಳಂ ದಾಟಿದ ಮೇಲೆ ಮಾಧವರಂ ಸಿಗುತ್ತದೆ. ಅಲ್ಲಿಂದ ಒಂದು ದಾರಿ ಮಂತ್ರಾಲಯಕ್ಕೆ ಹೋಗುತ್ತದೆ, ಇನ್ನೊಂದು ತುಂಗಭದ್ರೆಯನ್ನು ದಾಟಿ ರಾಯಚೂರಿಗೆ ಹೋಗುತ್ತದೆ. ನಮ್ಮ ಸಮಾಜದವರಿಗೆ ಈ ದಾರಿ ಅಪರಿಚಿತವಲ್ಲ. ಪೆದ್ದತುಂಬಳಂನ ಪಾರ್ಶ್ವಮಣಿ ತೀರ್ಥದ ದರ್ಶನಕ್ಕೆ ಹೋದವರು ಬಹಳ ಮಂದಿ ಇದ್ದಾರೆ. ರಾಯಚೂರು ಮತ್ತು ಆದೋನಿ ಪೇಟೆಗಳ ನಡುವೆ ಅರಳೆ, ಶೇಂಗಾ ವ್ಯಾಪಾರಕ್ಕೆ ಓಡಾಡಿದವರು ಅದಕ್ಕಿಂತಲೂ ಹೆಚ್ಚು. ಆದರೆ ದಾರಿಯ ಎರಡೂ ಬದಿಗಿರುವ ಹೊಲಗಳನ್ನು ಇಳಿದು ನೋಡಿದವರು ಕಡಿಮೆ.

ಈ ಭಾಗ ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು, ಬಳ್ಳಾರಿ ಇತ್ತ ಮೈಸೂರಿಗೆ ಬಂತು. ಗಡಿ ಸರಿದರೂ ನೆಲದ ಮಾತು ಸರಿಯಲಿಲ್ಲ. ಇಂದಿಗೂ ಮಾಧವರಂ ಸುತ್ತಿನ ರೈತ ತೆಲುಗಿನಲ್ಲಿ ಬೆಲೆ ಕೇಳುತ್ತಾನೆ, ಕನ್ನಡದಲ್ಲಿ ಕಷ್ಟ ಹೇಳಿಕೊಳ್ಳುತ್ತಾನೆ. ಕರಿನೆಲಕ್ಕೆ ಎರೆ, ಕೆಂಪು ನೆಲಕ್ಕೆ ಮಸಾರಿ ಎಂಬ ಮಾತುಗಳನ್ನು ನಾನು ಕಲಿತದ್ದು ಇಲ್ಲಿಯೇ.

ಇಲ್ಲಿ ನಮ್ಮ ಹಿರಿಯರು ಬಿಟ್ಟುಹೋದ ಹೊಲವೊಂದಿದೆ. ಹೆಚ್ಚಿನ ಭಾಗ ಎರೆ, ಬಾವಿಯ ಪಕ್ಕದಲ್ಲಿ ಸ್ವಲ್ಪ ಮಸಾರಿ. ಮಸಾರಿಯಲ್ಲಿ ನಿಂಬೆ, ಮಾವು, ಕರಿಬೇವು, ನುಗ್ಗೆ ಮತ್ತು ಕಾಯಿಪಲ್ಯದ ಮಡಿಗಳು. ವರ್ಷದಲ್ಲಿ ಹತ್ತು ತಿಂಗಳು ನಾವು ಅಂಗಡಿಯವರು. ಹಸ್ತ ಮಳೆಯಿಂದ ಕಾರ್ತಿಕದ ಕೊನೆಯವರೆಗೆ ಮಾತ್ರ ಸಾಧ್ಯವಾದಷ್ಟು ಮಾಧವರಂನಲ್ಲಿ ಇರುತ್ತೇವೆ, ಏಕೆಂದರೆ ಹೊಲದ ಒಂದು ವರ್ಷದ ಹಣೆಬರಹ ಬರೆಯುವುದು ಈ ಎರಡು ತಿಂಗಳಲ್ಲಿ.

ಈ ಲೇಖನ ಬರೆಯಲು ಕಾರಣವಿದೆ. ನಮ್ಮ ಅನೇಕ ಕುಟುಂಬಗಳಿಗೆ ಹೀಗೆ ಹಳ್ಳಿಯಲ್ಲಿ ಎರಡೋ ನಾಲ್ಕೋ ಎಕರೆ ಇದೆ. ಮಕ್ಕಳು ಹೈದರಾಬಾದ್, ಬೆಂಗಳೂರು ಸೇರಿದ್ದಾರೆ. ಹೊಲವನ್ನು ಗುತ್ತಿಗೆಗೆ ಕೊಟ್ಟಿದ್ದೇವೆ, ವರ್ಷಕ್ಕೊಮ್ಮೆ ಹಣ ಬರುತ್ತದೆ, ಅಷ್ಟಕ್ಕೆ ಸಂಬಂಧ ಮುಗಿಯಿತು. ಕೇಳಿದರೆ ಒಂದು ಉತ್ತರ ಸಿದ್ಧವಾಗಿದೆ: "ನಾವು ಅಹಿಂಸಾ ಧರ್ಮದವರು. ನೆಲ ಅಗೆಯುವುದು, ಹುಳು ಸಾಯಿಸುವುದು ನಮಗೆ ಹೇಳಿದ್ದಲ್ಲ." ನಮ್ಮ ಮನೆಯಲ್ಲೂ ಈ ಚರ್ಚೆ ನಡೆದಿದೆ. ಗುತ್ತಿಗೆ ಕೇಳುವವರು ಹೆಚ್ಚು ಹಣ ಕೊಡುತ್ತಾರೆ. ನಾವೇ ಮಾಡಿಸಿದರೆ ಕೈಗೆ ಬರುವುದು ಅದಕ್ಕಿಂತ ಕಡಿಮೆ. ವ್ಯಾಪಾರಿಯ ಲೆಕ್ಕದಲ್ಲಿ ಇದು ನಷ್ಟವೇ. ಆದರೆ ಶ್ರಾವಕನ ಲೆಕ್ಕದಲ್ಲಿ ಏನು ಎಂಬುದನ್ನು ಕೂಡ ಒಮ್ಮೆ ನೋಡಬೇಕು.

ಭಗವಾನ್ ಆದಿನಾಥರು ಜನರಿಗೆ ಬದುಕಲು ಕಲಿಸಿದ ಆರು ಕರ್ಮಗಳಲ್ಲಿ ಅಸಿ, ಮಸಿಗಳ ನಂತರ ಕೃಷಿ ಬರುತ್ತದೆ, ವಾಣಿಜ್ಯ ಅದರ ಆಮೇಲೆ. ನಮ್ಮ ಆಚಾರ್ಯರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ತಿ ಬಿಡಬೇಕು, ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗಬೇಕು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದಾರೆ. ಕರ್ಮವು ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಯಿಂದಲೂ ಅಂಟುತ್ತದೆ. ತಾನು ಮಾಡಿದರೂ, ಇನ್ನೊಬ್ಬರಿಂದ ಮಾಡಿಸಿದರೂ, ಮಾಡಿದ್ದಕ್ಕೆ ಒಪ್ಪಿಕೊಂಡರೂ ಖಾತೆಗೆ ಬೀಳುತ್ತದೆ. ಗುತ್ತಿಗೆದಾರ ಹೊಡೆದ ವಿಷದ ಬೆಳೆಯಿಂದ ಬಂದ ಹಣವನ್ನು ಎಣಿಸಿಕೊಂಡು "ನಾನು ಹೊಲಕ್ಕೆ ಕಾಲಿಟ್ಟಿಲ್ಲ" ಎಂದರೆ ಕಿರ್ದಿಯಲ್ಲಿ ಬರೆದದ್ದನ್ನು ಖಾತೆಗೆ ಎತ್ತದೆ ಬಿಟ್ಟಂತೆ. ವರ್ಷದ ಕೊನೆಗೆ ತಾಳೆ ಬೀಳುವುದಿಲ್ಲ.

ಇನ್ನು ಹೊಲದ ಕೆಲಸಕ್ಕೆ ಬರೋಣ.

ನಮ್ಮ ಕಡೆ ರೈತನ ಪಂಚಾಂಗ ಮಳೆ ನಕ್ಷತ್ರಗಳದ್ದು. ಸೆಪ್ಟೆಂಬರ್ ಕೊನೆಗೆ ಹಸ್ತ ಹುಟ್ಟುತ್ತದೆ. ಅಕ್ಟೋಬರ್ ಹತ್ತು ಹನ್ನೊಂದರ ಹೊತ್ತಿಗೆ ಚಿತ್ತಿ, ಇಪ್ಪತ್ತಮೂರು ಇಪ್ಪತ್ತನಾಲ್ಕಕ್ಕೆ ಸ್ವಾತಿ, ನವೆಂಬರ್ ಮೊದಲ ವಾರ ಕಳೆಯುವಾಗ ವಿಶಾಖ. ಮಳೆ ಕಡಿಮೆ ಇರುವ ಸೀಮೆ ಇದು. ಅದರಲ್ಲೂ ಹಿಂಗಾರಿಗೆ ಆಧಾರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ. ಬಂದರೆ ಸಮೃದ್ಧಿ, ಬಾರದಿದ್ದರೆ ಬರ. ಮಿತಿ ಮೀರಿ ಬಂದರೂ ಕಷ್ಟವೇ. 2009ರ ಅಕ್ಟೋಬರ್ ಮೊದಲ ದಿನಗಳಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಮುಳುಗಿದ್ದನ್ನು ಈ ಭಾಗದವರು ಮರೆತಿಲ್ಲ. ಅದು ಹಸ್ತ ಮಳೆಯ ಕಾಲ. ಆದುದರಿಂದ ನಮ್ಮ ಮೊದಲ ಕೆಲಸ ಬದು ನೋಡುವುದು. ಒಡೆದ ಕಡೆ ಮಣ್ಣು ಮೆತ್ತಿ, ನೀರು ಹರಿದುಹೋಗುವ ಬಾಯಿಗೆ ಕಲ್ಲು ಜೋಡಿಸುತ್ತೇವೆ. ಹೊಸದಾಗಿ ಅಗೆಯುವುದಕ್ಕಿಂತ ಇದ್ದುದನ್ನು ದುರಸ್ತಿ ಮಾಡಿದರೆ ಮಣ್ಣಿನ ಜೀವಿಗಳಿಗೆ ತೊಂದರೆ ಕಡಿಮೆ, ಕೂಲಿಯೂ ಉಳಿತಾಯ.

ಎರಡನೆಯದು ನಿಂಬೆ. ಹಸ್ತದಲ್ಲಿ ನಿಂಬೆ ಗಿಡಕ್ಕೆ ನೀರು ನಿಲ್ಲಿಸುತ್ತಾರೆ. ಎಲೆ ಬಾಡಿ ಸ್ವಲ್ಪ ಉದುರಿದ ಮೇಲೆ ಪಾತಿಯನ್ನು ಮೇಲಮೇಲೆ ಕೆದಕಿ, ಕೊಳೆತ ಕೊಟ್ಟಿಗೆ ಗೊಬ್ಬರ ಕೊಟ್ಟು, ಮತ್ತೆ ನೀರು ಬಿಟ್ಟರೆ ಗಿಡ ಒಮ್ಮೆಲೇ ಹೂ ಬಿಡುತ್ತದೆ. ಇದಕ್ಕೆ ಹಸ್ತ ಬಹಾರ್ ಎನ್ನುತ್ತಾರೆ. ಮಳೆಗಾಲದಲ್ಲಿ ಕೇಳುವವರಿಲ್ಲದ ನಿಂಬೆಗೆ ಬೇಸಿಗೆಯಲ್ಲಿ ಬೆಲೆ ಬರುತ್ತದೆ, ಆ ಕಾಯಿ ಬರುವುದು ಈ ಹೂವಿನಿಂದಲೇ. ಆದರೆ ನೀರು ನಿಲ್ಲಿಸಿದ ವಾರವೇ ಮಳೆ ಸುರಿದರೆ ಗಿಡ ಬಾಡುವುದಿಲ್ಲ, ಹೂವೂ ಸರಿಯಾಗಿ ಬರುವುದಿಲ್ಲ. ಮಾವಿಗೂ ಇದೇ ರೀತಿ: ಅಕ್ಟೋಬರ್ ನಂತರ ಹೂ ಬರುವವರೆಗೆ ನೀರು ಕೊಡಬಾರದು, ಕೊಂಬೆ ಕಡಿಯಬಾರದು. ಗಿಡಕ್ಕೂ ಉಪವಾಸದ ಕಾಲವಿದೆ. ಉಪವಾಸ ಮಾಡಿದ ಗಿಡವೇ ಫಲ ಕೊಡುತ್ತದೆ ಎಂದು ನಮ್ಮ ಮನೆಯ ಹೆಂಗಸರು ನಗುತ್ತ ಹೇಳುವುದುಂಟು.

ಮೂರನೆಯದು ಕಾಯಿಪಲ್ಯದ ಮಡಿ. ನಮ್ಮ ಮಡಿಯಲ್ಲಿ ಕಂದಮೂಲ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಗಜ್ಜರಿ ಬಿಟ್ಟರೆ ಬೆಳೆಯಲು ಏನು ಉಳಿಯಿತು ಎಂದು ಅಕ್ಕಪಕ್ಕದ ರೈತರು ಕೇಳುತ್ತಾರೆ. ಉಳಿಯುವುದು ಬಹಳವಿದೆ. ಹೀರೆ, ಸೋರೆ, ಚಪ್ಪರದವರೆ, ಚವಳಿಕಾಯಿ, ಬೆಂಡೆ, ಟೊಮೇಟೊ, ಹಸಿಮೆಣಸು, ಸೊಪ್ಪುಗಳು. ಚಾತುರ್ಮಾಸದಲ್ಲಿ ಹಸಿ ಸೊಪ್ಪು ಬಿಡುವ ಮನೆಗಳಿಗೆ ಒಂದು ಉಪಯುಕ್ತ ಲೆಕ್ಕ ಹೇಳುತ್ತೇನೆ. ವಿಜಯದಶಮಿಯ ದಿನ ಮೆಂತ್ಯ ಚೆಲ್ಲಿದರೆ ಮೂರು ನಾಲ್ಕು ದಿನಕ್ಕೆ ಮೊಳೆಯುತ್ತದೆ, ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ವಿಜಯದಶಮಿಯಿಂದ ಕಾರ್ತಿಕ ಹುಣ್ಣಿಮೆಗೆ ಸುಮಾರು ಮೂವತ್ತನಾಲ್ಕು, ಮೂವತ್ತೈದು ದಿನ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ, ಕಾರ್ತಿಕ ಹುಣ್ಣಿಮೆ ನವೆಂಬರ್ 5ಕ್ಕೆ ಬಿದ್ದವು. ಹೀಗೆ ಬಿತ್ತಿದರೆ ಚಾತುರ್ಮಾಸ ಮುಗಿದ ದಿನವೇ ಸ್ವಂತ ಮಡಿಯ ಮೆಂತ್ಯ ಸೊಪ್ಪು ಅಡಿಗೆ ಮನೆಗೆ ಬರುತ್ತದೆ. ಕೊತ್ತಂಬರಿಗೆ ಇನ್ನೊಂದು ವಾರ ಹೆಚ್ಚು ಬೇಕು. ಮಳೆಯ ಅಬ್ಬರ ತಗ್ಗಿ ಇಬ್ಬನಿ ಶುರುವಾದ ಮೇಲೆ ಬಂದ ಸೊಪ್ಪಿನಲ್ಲಿ ಹುಳುವಿನ ಬಾಧೆಯೂ ಕಡಿಮೆ. ನಮ್ಮ ಹಿರಿಯರ ವ್ರತಗಳು ಋತುವನ್ನು ಎಷ್ಟು ಬಲ್ಲವು ಎಂಬುದು ಮಡಿಯ ಮುಂದೆ ನಿಂತಾಗ ತಿಳಿಯುತ್ತದೆ.

ಚಿತ್ತಿ, ಸ್ವಾತಿಯಲ್ಲಿ ಎರೆ ಹೊಲಕ್ಕೆ ಕಡಲೆ. ಆಳವಾಗಿ ನೇಗಿಲು ಹೊಡೆಸುವುದಿಲ್ಲ. ಕುಂಟೆ ಹೊಡೆದು ಕಳೆ ತೆಗೆದು ಕೂರಿಗೆಯಿಂದ ಬಿತ್ತುತ್ತೇವೆ. ಈ ಭಾಗದಲ್ಲಿ ಜೆಜಿ 11 ಎಂಬ ತಳಿ ಬಹಳ ಕಾಲದಿಂದ ಬಳಕೆಯಲ್ಲಿದೆ. ನಂದ್ಯಾಲದ ಕೃಷಿ ಸಂಶೋಧನಾ ಕೇಂದ್ರದವರು ಯಂತ್ರದ ಕೊಯ್ಲಿಗೆ ಒಗ್ಗುವಂತೆ ಎತ್ತರಕ್ಕೆ ಬೆಳೆಯುವ ಎನ್‌ಬಿಇಜಿ 47 ಎಂಬ ತಳಿಯನ್ನೂ ಕೊಟ್ಟಿದ್ದಾರೆ. ಎಕರೆಗೆ 25ರಿಂದ 30 ಕಿಲೋ ಬೀಜ ಸಾಕು. ಕಡಲೆಗೆ ಮತ್ತೆ ನೀರು ಬೇಡ. ಎರೆಯಲ್ಲಿ ಉಳಿದ ಹಸಿ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆಯುತ್ತದೆ. ತಿಂಗಳು ತುಂಬಿದ ಮೇಲೆ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಮುಂದೆ ಚಳಿಯಲ್ಲಿ ಬೆಳಗಿನ ಜಾವ ಗಿಡದ ಮೇಲೆ ಬಟ್ಟೆ ಹಾಸಿ ಇಬ್ಬನಿಯೊಂದಿಗೆ ಕಡಲೆ ಹುಳಿಯನ್ನು ಹಿಂಡಿಕೊಳ್ಳುವ ಪದ್ಧತಿಯೂ ಹಳ್ಳಿಗಳಲ್ಲಿತ್ತು. ಹೊಟ್ಟೆನೋವಿಗೆ ಅದು ಮನೆಮದ್ದು.

ಇಲ್ಲಿಯೇ ಕಠಿಣ ಪ್ರಶ್ನೆ ಎದುರಾಗುತ್ತದೆ: ಹುಳುವಿಗೆ ಏನು ಮಾಡುವುದು?

ನವರಾತ್ರಿಯ ಅಷ್ಟಮಿಯನ್ನು ನಾವು ಜೀವದಯಾಷ್ಟಮಿ ಎಂದು ಆಚರಿಸುತ್ತೇವೆ. ಆ ದಿನ ಬಸದಿಯಲ್ಲಿ ಯಶೋಧರನ ಕಥೆ ಕೇಳದ ಕನ್ನಡ ಜೈನರಿಲ್ಲ. ಜನ್ನ ಕವಿ 1209ರಲ್ಲಿ ಅದನ್ನು ಕಾವ್ಯವಾಗಿ ಬರೆದ. ಯಶೋಧರ ಕೊಂದದ್ದು ಹಿಟ್ಟಿನ ಕೋಳಿ. ಒಂದು ಹನಿ ರಕ್ತ ಬೀಳಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕಾಗಿ ಜನ್ಮಜನ್ಮಾಂತರ ಪಶುಪಕ್ಷಿಯಾಗಿ ತೊಳಲಿದ. ಈ ಕಥೆ ಬಿತ್ತನೆಯ ಕಾಲದಲ್ಲೇ ಬರುವುದು ನಮ್ಮ ಅದೃಷ್ಟ. ಕುಂಟೆಯ ಕೆಳಗೆ ನಮಗರಿವಿಲ್ಲದೆ ಸಿಕ್ಕ ಜೀವಿಯೂ, "ಸಾಯಲಿ" ಎಂದು ಡಬ್ಬಿ ತೆರೆದು ಹೊಡೆದ ವಿಷದಿಂದ ಸತ್ತ ಜೀವಿಯೂ ಒಂದೇ ಲೆಕ್ಕವಲ್ಲ.

ನಾವು ಅನುಸರಿಸುವ ಕ್ರಮ ಹೀಗಿದೆ. ಬೇಸಿಗೆಯ ಕೊನೆಗೆ ಬೇವಿನ ಹಣ್ಣು ಆರಿಸಿ ಒಣಗಿಸಿ ಇಡುತ್ತೇವೆ. ಐದು ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ನೂರು ಲೀಟರ್ ನೀರಿಗೆ ಬೆರೆಸಿ, ಸ್ವಲ್ಪ ಸಾಬೂನು ಕದಡಿ ಸಂಜೆ ಹೊತ್ತು ಸಿಂಪಡಿಸುತ್ತೇವೆ. ಬೇವಿನ ಕಹಿಗೆ ಹುಳು ಎಲೆ ತಿನ್ನಲು ಹಿಂದೆಗೆಯುತ್ತದೆ, ಮೊಟ್ಟೆ ಇಡುವ ಪತಂಗ ಬೇರೆ ಕಡೆ ಹೋಗುತ್ತದೆ. ಇದರಿಂದ ಒಂದು ಹುಳುವೂ ಸಾಯುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಳೆಯ ಹುಳುಗಳ ಬೆಳವಣಿಗೆಗೆ ಬೇವು ಅಡ್ಡಿಯಾಗುತ್ತದೆ. ಇದನ್ನು ಪೂರ್ಣ ಅಹಿಂಸೆ ಎನ್ನಲಾಗದು, ಕಡಿಮೆ ಹಿಂಸೆ ಎನ್ನಬಹುದು. ಹೊಲದ ಅಂಚಿಗೆ ಔಡಲ, ಚೆಂಡು ಹೂವಿನ ಸಾಲು ಹಾಕಿದರೆ ಹುಳುಗಳಲ್ಲಿ ಒಂದು ಪಾಲು ಅಲ್ಲಿಗೇ ಹೋಗುತ್ತವೆ. ಆ ಸಾಲನ್ನು ಅವುಗಳ ಪಾಲಿಗೆ ಬಿಟ್ಟುಬಿಡುತ್ತೇವೆ. ದೀಪಕ್ಕೆ ಪತಂಗ ಬೀಳಿಸುವ ಬಲೆಯನ್ನು ನಾವು ಇಡುವುದಿಲ್ಲ.

ಕಡಲೆಯಲ್ಲಿ ಹಕ್ಕಿ ಕೂರಲು ಕವಲು ಗೂಟ ನೆಡಿರಿ, ಹಕ್ಕಿ ಹುಳು ತಿನ್ನುತ್ತದೆ ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಇದನ್ನು ಕೇಳಿದ ನಮ್ಮ ಮೊಮ್ಮಗಳು, "ತಾತ, ಹಕ್ಕಿ ಕೈಲಿ ಕೊಲ್ಲಿಸಿದರೆ ಅದು ಕಾರಿತ ಆಗಲ್ವಾ?" ಎಂದಳು. ಮನೆಯವರೆಲ್ಲ ಸುಮ್ಮನಾದರು. ಕೊನೆಗೆ ಗೂಟ ನೆಡುವುದು ಬಿಟ್ಟು, ಕಡಲೆಯ ನಡುವೆ ಅಲ್ಲಲ್ಲಿ ಜೋಳದ ಸಾಲು ಹಾಕಿ ಅದರ ತೆನೆಯನ್ನು ಹಕ್ಕಿಗಳಿಗೆ ಬಿಡುವುದೆಂದು ತೀರ್ಮಾನವಾಯಿತು. ಹಕ್ಕಿ ತೆನೆಗೆ ಬರುತ್ತದೆ. ಬಂದ ಮೇಲೆ ಅದು ಏನು ತಿನ್ನುತ್ತದೆ ಎಂಬುದು ಅದರ ಸ್ವಭಾವ. ನಾವು ಕೊಟ್ಟದ್ದು ಕಾಳು. ಇಂಥ ಪ್ರಶ್ನೆ ಪಾಠಶಾಲೆಯ ಪುಸ್ತಕದಿಂದ ಹುಟ್ಟುವುದು ಕಷ್ಟ. ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಕು.

ಈ ಕಾಲದ ದೊಡ್ಡ ಬೆಳೆ ಹತ್ತಿ. ದೀಪಾವಳಿಯ ಹೊತ್ತಿಗೆ ಮಾಧವರಂ ದಾರಿಯ ಎರಡೂ ಬದಿ ಬೆಳ್ಳಗೆ ಅರಳಿರುತ್ತದೆ, ಆದೋನಿ ಮಾರುಕಟ್ಟೆಯಲ್ಲಿ ಬಂಡಿ, ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. 2002ರಲ್ಲಿ ಬಿ.ಟಿ. ಹತ್ತಿ ಬಂದಾಗ ಕಾಯಿಕೊರಕದ ಕಾಟ ಮುಗಿಯಿತೆಂದು ಎಲ್ಲರೂ ನಂಬಿದರು. ಕೆಲವು ವರ್ಷ ಹಾಗೆಯೇ ಇತ್ತು. ಆಮೇಲೆ ಗುಲಾಬಿ ಕಾಯಿಕೊರಕ ಅದನ್ನೂ ಅರಗಿಸಿಕೊಂಡಿತು. ಈಗ ತಜ್ಞರು ಹೇಳುವುದು ಮೂರು ಮಾತು. ಬೆಳೆಯನ್ನು ಡಿಸೆಂಬರ್, ಜನವರಿಗೆ ಮುಗಿಸಬೇಕು, ಬೇಸಿಗೆವರೆಗೆ ಎಳೆಯಬಾರದು. ಹತ್ತಿ ಕಟ್ಟಿಗೆಯನ್ನು ಹೊಲದಲ್ಲಿ ನಿಲ್ಲಿಸಬಾರದು. ಜಿನ್ನಿಂಗ್ ಮಿಲ್ಲುಗಳ ಅಂಗಳದಲ್ಲಿ ಹತ್ತಿಬೀಜದಿಂದ ಹೊರಬರುವ ಪತಂಗಗಳ ಮೇಲೆ ಕಣ್ಣಿಡಬೇಕು.

ಕಟ್ಟಿಗೆ ನಿಲ್ಲಿಸಬಾರದು ಎಂದರೆ ರೈತ ಮಾಡುವ ಸುಲಭ ಕೆಲಸ ಬೆಂಕಿ ಹಚ್ಚುವುದು. ಶ್ರಾವಕಾಚಾರದ ಗ್ರಂಥಗಳು ಗೃಹಸ್ಥ ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ಎಣಿಸುತ್ತವೆ. ಅವುಗಳಲ್ಲಿ ದವದಾನ, ಅಂದರೆ ನೆಲಕ್ಕೆ, ಕಾಡಿಗೆ ಬೆಂಕಿಯಿಡುವುದು ಒಂದು. ವಿಷವಾಣಿಜ್ಯ ಇನ್ನೊಂದು. ನೆಲ ಒಡೆಯುವ ಸ್ಫೋಟಕರ್ಮವೂ ಅದೇ ಪಟ್ಟಿಯಲ್ಲಿದೆ, ಅದಕ್ಕಾಗಿಯೇ ಅಗೆತಕ್ಕೆ ಮಿತಿ ಹಾಕಿಕೊಳ್ಳುತ್ತೇವೆ. ಆದರೆ ಯಂತ್ರಪೀಡನವೂ, ಎಂದರೆ ಯಂತ್ರದಲ್ಲಿ ಹಿಂಡುವ ಉದ್ಯೋಗವೂ ಅಲ್ಲಿಯೇ ಇದೆ ಎಂಬುದನ್ನು ಎಣ್ಣೆ ಗಿರಣಿ ನಡೆಸಿದ ನಾವು ಮರೆಯಬಾರದು. ಗಿರಣಿಯಲ್ಲಿ ಕುಳಿತು ಹೊಲದವನನ್ನು ಮಾತ್ರ ಹಿಂಸಕ ಎನ್ನುವುದು ನ್ಯಾಯವಲ್ಲ.

ಬೆಂಕಿಯ ಬದಲು ಎರಡು ಉಪಾಯಗಳಿವೆ. ಕೊನೆಯ ಬಿಡಿಸುವಿಕೆ ಮುಗಿದ ಮೇಲೆ ಕುರಿ ಹಿಂಡನ್ನು ಹೊಲದಲ್ಲಿ ತರುಬಿಸುವುದು ಮೊದಲನೆಯದು. ಎಲೆ, ಉಳಿದ ಹಸಿ ಕಾಯಿ ಎಲ್ಲ ಮೇಯುತ್ತವೆ, ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಕುರುಬರಿಗೆ ಕಾಳು, ಹಣ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಆಮೇಲೆ ಕಟ್ಟಿಗೆಯನ್ನು ಯಂತ್ರದಿಂದ ಚೂರು ಮಾಡಿಸಿ ನೆಲಕ್ಕೆ ಸೇರಿಸುವುದು ಎರಡನೆಯದು. ಬೆಂಕಿಕಡ್ಡಿಯ ಖರ್ಚಿಗೆ ಹೋಲಿಸಿದರೆ ಇದು ದುಬಾರಿ. ಆದರೆ ಸುಟ್ಟ ನೆಲದಲ್ಲಿ ಎರೆಹುಳು, ಇರುವೆ, ಗೊದ್ದಗಳ ಜೊತೆಗೆ ನೆಲದ ಸಾರವೂ ಹೋಗುತ್ತದೆ. ಪಾಪದ ಮಾತು ಬೇಡವೆನ್ನುವವರು ಲಾಭದ ಮಾತಿಗಾದರೂ ಇದನ್ನು ಯೋಚಿಸಬಹುದು.

ಜೀವದಯೆ ಎಂದಾಗ ನಾವು ಇರುವೆಯವರೆಗೆ ಬಗ್ಗಿ ನೋಡುತ್ತೇವೆ. ಎದುರಿಗೆ ನಿಂತ ಮನುಷ್ಯ ಕಾಣದೆ ಹೋಗಬಾರದು. ಕೋಸಿಗಿ, ಪೆದ್ದಕಡಬೂರು, ಮಂತ್ರಾಲಯ ಮಂಡಲಗಳಿಂದ ಮಳೆ ಕೈಕೊಟ್ಟ ವರ್ಷ ಸಾವಿರಾರು ಕುಟುಂಬಗಳು ಗುಳೆ ಹೋಗುತ್ತವೆ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು, ಹೈದರಾಬಾದ್, ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ. ಮನೆಗೆ ಬೀಗ, ಮಕ್ಕಳ ಶಾಲೆಗೂ ಬೀಗ. ನಮ್ಮ ಹೊಲ ನೋಡಿಕೊಳ್ಳುವ ಹಿರಿಯ ಒಮ್ಮೆ ಹೇಳಿದ: "ಸಾವ್ಕಾರ್ರೆ, ನೀವು ದೀಪಾವಳಿ ಮುಂದೆ ಬಂದು ಬದು, ಪಾತಿ, ಕಳೆ ಅಂತ ಕೆಲಸ ಹಚ್ಚಿದ್ರೆ ನಮ್ಮ ಓಣ್ಯಾಗ ಮೂರು ಮನಿ ಊರು ಬಿಡಾಂಗಿಲ್ಲ. ಹೊಲ ಗುತ್ತಿಗಿ ಕೊಟ್ಟ್ರಿ ಅಂದ್ರ ಟ್ರ್ಯಾಕ್ಟರ್ ಬರ್ತೈತಿ, ನಾವು ಬಸ್ ಹತ್ತತೀವಿ." ನಮ್ಮ ಮನೆಯಲ್ಲಿ ಗುತ್ತಿಗೆಯ ಚರ್ಚೆ ನಿಂತದ್ದು ಈ ಮಾತಿಗೆ. ಮೂರು ಮನೆಯ ಮಕ್ಕಳು ವರ್ಷ ಪೂರ್ತಿ ಶಾಲೆಗೆ ಹೋಗುವುದನ್ನು ಯಾವ ಖಾತೆಯಲ್ಲಿ ಜಮಾ ಮಾಡುವುದು? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಕೊನೆಯದು ಇದೇ ಎಂದು ನನಗೆ ತೋರುತ್ತದೆ. ಊರು ಬಿಡುವ ಭಯ ತಪ್ಪಿಸುವುದು ಅಭಯದಾನವಲ್ಲದೆ ಮತ್ತೇನು?

ಋತುವಿನ ಕೊನೆಯ ಕೆಲಸ ಹೊಲದ ಹೊರಗಿನದು. ಕಾರ್ತಿಕ ಮುಗಿಯುತ್ತಿದ್ದಂತೆ ಚಾತುರ್ಮಾಸ ಮುಗಿಸಿದ ಮುನಿಗಳು, ಸಾಧ್ವಿಯರು ವಿಹಾರ ಹೊರಡುತ್ತಾರೆ. ಮಳೆಯಲ್ಲಿ ನೆಲದ ತುಂಬ ಜೀವಿಗಳಿರುವುದರಿಂದ ನಡಿಗೆ ನಿಲ್ಲಿಸಿದ್ದವರು ನೆಲ ಒಣಗಿದ ಮೇಲೆ ಬರಿಗಾಲಲ್ಲಿ ನಡೆಯುತ್ತಾರೆ. ಈ ಸೀಮೆಯ ದಾರಿಗಳ ಅಂಚಿನಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದು ಮುಳ್ಳು ಉದುರಿಸಿರುತ್ತದೆ. ನಮ್ಮ ಹೊಲದ ಮುಂದಿನ ದಾರಿಯಷ್ಟನ್ನಾದರೂ ಜಾಲಿ ಸವರಿ, ಮುಳ್ಳು ಆಯ್ದು ಶುಚಿ ಮಾಡುತ್ತೇವೆ. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮೆಲ್ಲಗೆ ಬಿಟ್ಟು, ಹೊಲದ ಮನೆಯ ಒಂದು ಕೋಣೆಯನ್ನು ಗುಡಿಸಿ ಸಿದ್ಧವಾಗಿಡುತ್ತೇವೆ. ಯಾರು ಬರುತ್ತಾರೆ ಎಂದು ಮೊದಲೇ ತಿಳಿದಿರುವುದಿಲ್ಲ. ಬಾರದಿದ್ದರೂ ಆ ದಾರಿಯಲ್ಲಿ ಬರಿಗಾಲಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಮುಳ್ಳು ಚುಚ್ಚುವುದಿಲ್ಲ.

ಹಳ್ಳಿಯಲ್ಲಿ ಹೊಲವಿರುವ ಸಮಾಜ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಜ್ಞಾನಪಂಚಮಿಯಂದು ಶಾಸ್ತ್ರಗ್ರಂಥಗಳನ್ನು, ದೀಪಾವಳಿಯಂದು ಅಂಗಡಿಯ ವಹಿಗಳನ್ನು ಪೂಜಿಸುತ್ತೇವೆ. ಅದೇ ವಾರ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಿ. ಗುತ್ತಿಗೆದಾರ ಯಾವ ಡಬ್ಬಿ ಹೊಡೆಯುತ್ತಾನೆ, ಕಟ್ಟಿಗೆಗೆ ಬೆಂಕಿ ಇಡುತ್ತಾನೋ ಇಲ್ಲವೋ, ಅಲ್ಲಿ ದುಡಿಯುವವರ ಮಕ್ಕಳು ಶಾಲೆಗೆ ಹೋಗುತ್ತಾರೋ ಇಲ್ಲವೋ ಕೇಳಿ. ಪೂರ್ತಿ ಕೈಯಿಂದ ಮಾಡಿಸಲಾಗದಿದ್ದರೆ ಗುತ್ತಿಗೆ ಕಾಗದದಲ್ಲಿ ಎರಡು ಷರತ್ತು ಬರೆಸಿ: ಬೆಂಕಿ ಹಚ್ಚಬಾರದು, ಬೇವು ಬಳಸಿ ನೋಡದೆ ವಿಷ ಹೊಡೆಯಬಾರದು. ಅದರಿಂದ ಗುತ್ತಿಗೆ ಹಣ ಸ್ವಲ್ಪ ಕಡಿಮೆಯಾದರೆ ಆಗಲಿ. ಅಷ್ಟು ಹಣವನ್ನು ಜೀವದಯೆಯ ಖಾತೆಗೆ ಬರೆದುಕೊಳ್ಳೋಣ. ಜೈ ಜಿನೇಂದ್ರ.